ಗೆಲ್ಲಿಸಿಕೊಡುವ ಕೋಚ್, ಒಪ್ಪಿಸಿಕೊಡುವ ಮಕ್ಕಳು

ಕೇಳುಗರಿಗೆ ನಮಸ್ಕಾರ.

2022ರ ಫೆಬ್ರುವರಿ ತಿಂಗಳ ಕೊನೆಯ ವಾರ, ಅಮೆರಿಕದ ಲೂಯಿಸಿಯಾನ ರಾಜ್ಯದ ಗ್ರ್ಯಾಂಬ್ಲಿಂಗ್ ಎಂಬ ಸಣ್ಣ ಊರಿನ ವಿಶ್ವವಿದ್ಯಾಲಯವು ತನ್ನ ಫುಟ್‌ಬಾಲ್ ತಂಡಕ್ಕೆ ಒಬ್ಬ ಸಹಾಯಕ ಕೋಚ್ ಬರುತ್ತಿದ್ದಾರೆಂದು ತಿಳಿಸಿತು. ಸುದ್ದಿ ಹೊರಬಿದ್ದದ್ದು ಗುರುವಾರ. ಸೋಮವಾರದ ಹೊತ್ತಿಗೆ ಆ ವ್ಯಕ್ತಿ ಹುದ್ದೆಯಿಂದ ಹಿಂದೆ ಸರಿದಿದ್ದರು. ಅವರ ಹೆಸರು ಆರ್ಟ್ ಬ್ರೈಲ್ಸ್. ದಾಳಿಯ ಆಟವನ್ನು ಹೆಣೆಯುವುದರಲ್ಲಿ ಅವರ ಕಾಲದ ಅತ್ಯಂತ ಚುರುಕಿನ ತಲೆ ಅವರದು ಎಂಬುದನ್ನು ಅವರನ್ನು ಕಂಡರಾಗದವರೂ ಒಪ್ಪುತ್ತಾರೆ. ಪ್ರತಿಭೆಯುಂಟು, ಹೆಸರು ಕೆಟ್ಟಿದೆ. ಅಂಥವರನ್ನು ಕಾಲೇಜು ತಂಡಕ್ಕೆ ಕರೆತರಬಹುದೇ ಎಂಬ ಪ್ರಶ್ನೆ ಆ ನಾಲ್ಕು ದಿನಗಳಲ್ಲಿ ಎದ್ದು ನಿಂತಷ್ಟು ನೇರವಾಗಿ ಬೇರೆಲ್ಲೂ ನಿಂತದ್ದನ್ನು ನಾನು ಕಂಡಿಲ್ಲ. ಅದಕ್ಕಾಗಿ ಇಂದಿನ ಮಾತನ್ನು ಅಲ್ಲಿಂದಲೇ ಆರಂಭಿಸುತ್ತಿದ್ದೇನೆ.

ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಕಾಲ್ಚೆಂಡಾಟ ಇದಲ್ಲ. ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ನುಗ್ಗುವ ಅಮೆರಿಕದ ಆಟ. ಅಲ್ಲಿ ಕಾಲೇಜು ತಂಡಗಳ ಆಟಕ್ಕೆ ಸೇರುವ ಜನ ನಮ್ಮ ದೊಡ್ಡ ಕ್ರಿಕೆಟ್ ಪಂದ್ಯಗಳಿಗೆ ಸೇರುವ ಜನಕ್ಕೆ ಸರಿಸಾಟಿ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣ ಒಂದರಲ್ಲೇ 1,07,000ಕ್ಕಿಂತ ಹೆಚ್ಚು ಆಸನಗಳಿವೆ. ಜಾರ್ಜಿಯ ವಿಶ್ವವಿದ್ಯಾಲಯದ ಕೋಚ್ ಕರ್ಬಿ ಸ್ಮಾರ್ಟ್ ಅವರಿಗೆ 2024ರಲ್ಲಿ ಗೊತ್ತಾದ ಸಂಬಳ ವರ್ಷಕ್ಕೆ 1 ಕೋಟಿ 30 ಲಕ್ಷ ಡಾಲರು. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಬೊಕ್ಕಸದ ಪಟ್ಟಿಯಲ್ಲಿ ಅತಿ ಹೆಚ್ಚು ಸಂಬಳ ಪಡೆಯುವವರು ರಾಜ್ಯಪಾಲರಾಗಲಿ ಕುಲಪತಿಗಳಾಗಲಿ ಅಲ್ಲ, ಫುಟ್‌ಬಾಲ್ ಕೋಚ್.

ಇಷ್ಟು ಹಣ ಪಡೆಯುವ ಈ ಮನುಷ್ಯನ ಕೆಲಸದ ಬಹುಪಾಲು ಮೈದಾನದ ಹೊರಗೇ ನಡೆಯುತ್ತದೆ. ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ, ಹದಿನೇಳು ಹದಿನೆಂಟರ ಹುಡುಗನ ಮನೆಗೆ ಕೋಚ್ ಸ್ವತಃ ಹೋಗುತ್ತಾರೆ. ನಡುಮನೆಯಲ್ಲಿ ಕೂತು, ತಾಯಿ ಬಡಿಸಿದ್ದನ್ನು ಉಂಡು, ನಿಮ್ಮ ಮಗನನ್ನು ನನ್ನ ಮಗನಂತೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಡುತ್ತಾರೆ. ನಾನು ಹಿಂದೊಮ್ಮೆ ಕಾಲೇಜು ಹಾಸ್ಟೆಲ್ಲಿನ ವಾರ್ಡನ್ ಆಗಿದ್ದಾಗ, ಜೂನ್ ತಿಂಗಳ ಮಳೆಯಲ್ಲಿ ಟ್ರಂಕು ಹೊತ್ತು ಬಂದ ತಂದೆಯೊಬ್ಬರು ಮಗನ ಕೈಯನ್ನು ಅಕ್ಷರಶಃ ನನ್ನ ಕೈಯಲ್ಲಿಟ್ಟು, "ಇನ್ನು ಇವನು ನಿಮ್ಮವನು, ಸಾರ್" ಎಂದಿದ್ದರು. ಆ ಕೈಯ ಬಿಸಿ ಇನ್ನೂ ನೆನಪಿದೆ. ಕೋಚ್ ಹುದ್ದೆಯ ಬಗ್ಗೆ ಓದುವಾಗಲೆಲ್ಲ ನನಗೆ ಸ್ಕೋರ್‌ಬೋರ್ಡಿಗಿಂತ ಮೊದಲು ಆ ಕೈ ಕಣ್ಣಮುಂದೆ ಬರುತ್ತದೆ.

ಈಗ ಬ್ರೈಲ್ಸ್ ಅವರ ವಿಷಯ. 1845ರಷ್ಟು ಹಳೆಯದಾದ ಬೇಲರ್ ವಿಶ್ವವಿದ್ಯಾಲಯ ಇಂದು ಟೆಕ್ಸಾಸಿನ ವೇಕೋ ಊರಿನಲ್ಲಿದೆ. ಡಲ್ಲಾಸಿನಿಂದ ಆಸ್ಟಿನ್‌ಗೆ ಹೋಗುವ ಹೆದ್ದಾರಿಯಲ್ಲಿ ವೇಕೋ ಅರ್ಧ ದಾರಿ. ಆ ಎರಡು ನಗರಗಳ ಕನ್ನಡ ಕುಟುಂಬಗಳಿಗೆ ಅದರ ಗೋಪುರಗಳು ಕಾರಿನ ಕಿಟಕಿಯಿಂದ ಪರಿಚಿತ. ಬ್ರೈಲ್ಸ್ 2008ರಲ್ಲಿ ತಂಡವನ್ನು ಕೈಗೆತ್ತಿಕೊಂಡಾಗ ಅದು ಸೋತು ಸೋತು ಸುಣ್ಣವಾಗಿತ್ತು. 2011ರಲ್ಲಿ ಅವರು ಬೆಳೆಸಿದ, ಚೆಂಡು ಎಸೆದು ದಾಳಿಯನ್ನು ಮುನ್ನಡೆಸುವ ಆಟಗಾರ ಅಂದರೆ ಕ್ವಾರ್ಟರ್‌ಬ್ಯಾಕ್ ರಾಬರ್ಟ್ ಗ್ರಿಫಿನ್ ಕಾಲೇಜು ಆಟದ ಅತಿ ದೊಡ್ಡ ಗೌರವವಾದ ಹೈಸ್ಮನ್ ಪ್ರಶಸ್ತಿ ಪಡೆದರು. ಬೇಲರ್‌ಗೆ ಅದು ಮೊದಲನೆಯದು. 2013ರಲ್ಲೂ 2014ರಲ್ಲೂ ತಂಡ ತನ್ನ ವಲಯದ ಪ್ರಶಸ್ತಿ ಗೆದ್ದಿತು. 2014ರಲ್ಲಿ ಬ್ರಾಜೋಸ್ ನದಿಯ ದಡದ ಮೇಲೆ ಹೊಸ ಕ್ರೀಡಾಂಗಣ ಎದ್ದಿತು. ಒಬ್ಬ ಮನುಷ್ಯನ ಪ್ರತಿಭೆ ಒಂದು ಊರಿನ ಮುಖಚಹರೆಯನ್ನೇ ಬದಲಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಅದೇ ವರ್ಷಗಳಲ್ಲಿ ಆ ಆವರಣದ ಹೆಣ್ಣುಮಕ್ಕಳು ಫುಟ್‌ಬಾಲ್ ಆಟಗಾರರಿಂದ ತಮ್ಮ ಮೇಲಾದ ಅತ್ಯಾಚಾರ, ಹಲ್ಲೆಗಳ ದೂರು ಹೊತ್ತು ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿದ್ದರು. ಇಬ್ಬರು ಆಟಗಾರರಿಗೆ ನ್ಯಾಯಾಲಯದಲ್ಲಿ ಶಿಕ್ಷೆಯಾದ ಮೇಲೆ ವಿಶ್ವವಿದ್ಯಾಲಯ ಒಂದು ಕಾನೂನು ಸಂಸ್ಥೆಯಿಂದ ತನಿಖೆ ಮಾಡಿಸಿತು. 2016ರ ಮೇ ತಿಂಗಳಲ್ಲಿ ಪ್ರಕಟವಾದ ಅದರ ಸಾರಾಂಶವನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಫುಟ್‌ಬಾಲ್ ವಿಭಾಗದ ಕೆಲವರು ದೂರು ಕೇಳಿಸಿಕೊಂಡೂ ಸಂಬಂಧಪಟ್ಟ ಕಚೇರಿಗೆ ತಿಳಿಸಿರಲಿಲ್ಲ. ತಾವೇ, ಯಾವ ತರಬೇತಿಯೂ ಇಲ್ಲದೆ, ಒಳಗೊಳಗೇ ವಿಚಾರಣೆ ನಡೆಸಿ ದೂರು ಕೊಟ್ಟವರ ಮಾತನ್ನೇ ಸುಳ್ಳಾಗಿಸಿದ್ದರು. ಕೆಲವು ಆಟಗಾರರನ್ನು ಕಾರಣ ಹೇಳದೆ ತಂಡದಿಂದ ಕೈಬಿಟ್ಟು, ಬೇರೆ ಕಾಲೇಜುಗಳಿಗೆ ಸೇರಲು ನೆರವಾಗಿದ್ದರು. ಈ ಕೊನೆಯ ಸಂಗತಿಯ ಮೇಲೆ ಒಂದು ಕ್ಷಣ ನಿಲ್ಲಬೇಕೆನಿಸುತ್ತದೆ. ಹಾಗೆ ಕಳುಹಿಸಿಕೊಟ್ಟ ಹುಡುಗನ ಪಕ್ಕದ ಬೆಂಚಿನಲ್ಲಿ, ಏನೂ ಗೊತ್ತಿಲ್ಲದೆ, ಇನ್ನೊಂದು ಊರಿನ ಹೆಣ್ಣುಮಗಳು ಕೂತಿರುತ್ತಾಳೆ. ಅದೇ ವರ್ಷದ ಅಕ್ಟೋಬರಿನಲ್ಲಿ ಆಡಳಿತ ಮಂಡಳಿಯ ಸದಸ್ಯರೇ ಪತ್ರಿಕೆಗೆ ಕೊಟ್ಟ ಲೆಕ್ಕ ಇದು: 2011ರಿಂದೀಚೆಗೆ 17 ಹೆಣ್ಣುಮಕ್ಕಳ ದೂರು, ಅವುಗಳಲ್ಲಿ 19 ಆಟಗಾರರ ಹೆಸರು.

ಬ್ರೈಲ್ಸ್ ಕೆಲಸ ಕಳೆದುಕೊಂಡರು. ಒಂದು ಕಾಲದಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಮೇಲಿನ ತನಿಖೆ ನಡೆಸಿದ್ದ ಕೆನ್ ಸ್ಟಾರ್ ಆಗ ಬೇಲರ್‌ನ ಅಧ್ಯಕ್ಷರಾಗಿದ್ದರು. ಅವರನ್ನೂ ಆ ಸ್ಥಾನದಿಂದ ಇಳಿಸಲಾಯಿತು. ಕ್ರೀಡಾ ನಿರ್ದೇಶಕ ಇಯಾನ್ ಮಕಾ ರಾಜೀನಾಮೆ ಕೊಟ್ಟರು.

ಬ್ರೈಲ್ಸ್ ಅವರ ಪಕ್ಷವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ತಾವು ಏನನ್ನೂ ಮುಚ್ಚಿಟ್ಟಿಲ್ಲವೆಂದು ಅವರು ಹೇಳುತ್ತ ಬಂದಿದ್ದಾರೆ. ಸಂತ್ರಸ್ತೆಯರು ನೇರವಾಗಿ ಅವರ ಬಳಿ ದೂರಿದ್ದಾಗಲಿ, ದೂರು ಕೊಡದಂತೆ ಅವರು ತಡೆದದ್ದಾಗಲಿ ತನಗೆ ತಿಳಿದಿಲ್ಲ ಎಂದು ವಿಶ್ವವಿದ್ಯಾಲಯದ ವಕೀಲರೇ 2017ರಲ್ಲಿ ಪತ್ರ ಕೊಟ್ಟರು. 2023ರಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಹೂಡಿದ್ದ ದಾವೆಯ ವಿಚಾರಣೆಯಲ್ಲಿ, ನ್ಯಾಯಾಧೀಶರು ಬ್ರೈಲ್ಸ್ ಮತ್ತು ಮಕಾ ಅವರ ಮೇಲಿನ ನಿರ್ಲಕ್ಷ್ಯದ ಆರೋಪವನ್ನು ಕೈಬಿಟ್ಟರು; ಜ್ಯೂರಿಯು ವಿಶ್ವವಿದ್ಯಾಲಯವನ್ನು ಮಾತ್ರ ಹೊಣೆ ಮಾಡಿತು. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಕೂಡ 2021ರಲ್ಲಿ, ನಡೆದದ್ದು ಒಪ್ಪತಕ್ಕದ್ದಲ್ಲವಾದರೂ ತನ್ನ ನಿಯಮಗಳಲ್ಲಿ ಅದಕ್ಕೆ ಶಿಕ್ಷೆಯಿಲ್ಲವೆಂದು ಕೈ ತೊಳೆದುಕೊಂಡಿತು.

ಇದೆಲ್ಲವನ್ನೂ ಒಪ್ಪಿಕೊಂಡ ಮೇಲೂ, ಗ್ರ್ಯಾಂಬ್ಲಿಂಗ್ ಅವರನ್ನು ಕರೆತರಬಾರದಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ನ್ಯಾಯಾಲಯ ಕೇಳುವ ಪ್ರಶ್ನೆ ಒಂದು, ನೇಮಕ ಮಾಡಿಕೊಳ್ಳುವವರು ಕೇಳಬೇಕಾದ ಪ್ರಶ್ನೆ ಇನ್ನೊಂದು. ಈತನಿಗೆ ದಂಡ ವಿಧಿಸುವಷ್ಟು ಸಾಕ್ಷ್ಯವಿದೆಯೇ ಎಂದು ನ್ಯಾಯಾಲಯ ಕೇಳುತ್ತದೆ. ನೂರು ಹುಡುಗರ ಉಸ್ತುವಾರಿಯನ್ನು, ಆ ಹುಡುಗರೊಂದಿಗೆ ಒಂದೇ ಆವರಣದಲ್ಲಿ ಓದುವ ಸಾವಿರಾರು ಹೆಣ್ಣುಮಕ್ಕಳ ನೆಮ್ಮದಿಯನ್ನು ಈತನ ಕೈಗೆ ಒಪ್ಪಿಸಬಹುದೇ ಎಂದು ಕಾಲೇಜು ಕೇಳಬೇಕು. ತನ್ನ ವಿಭಾಗದಲ್ಲಿ ಏನು ನಡೆಯುತ್ತಿತ್ತೆಂದು ಗೊತ್ತೇ ಇರಲಿಲ್ಲ ಎಂಬ ಉತ್ತರ ನ್ಯಾಯಾಲಯದಲ್ಲಿ ರಕ್ಷಣೆಯಾದೀತು. ಉಸ್ತುವಾರಿಯ ಹುದ್ದೆಗೆ ಬಂದವರ ಬಾಯಲ್ಲಿ ಅದೇ ಉತ್ತರ ಅವರು ಆ ಹುದ್ದೆಗೆ ತಕ್ಕವರಲ್ಲ ಎಂಬುದಕ್ಕೆ ಕಾರಣವಾಗುತ್ತದೆ.

ಇಂಥ ನೇಮಕಗಳ ಪರವಾಗಿ ಎರಡು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಮನುಷ್ಯ ಎಡವುತ್ತಾನೆ, ಎರಡನೆಯ ಅವಕಾಶ ಕೊಡಬೇಕು ಎಂಬುದು ಒಂದು. ನಾನೂ ಅದನ್ನು ನಂಬುವವನೇ. ಆದರೆ ಅವಕಾಶ ಎಂದರೆ ಅನ್ನದ ದಾರಿಯೋ, ಕಳೆದುಕೊಂಡ ಅದೇ ಕುರ್ಚಿಯೋ? ಬ್ರೈಲ್ಸ್ ಬೇಲರ್ ಬಿಡುವಾಗ ಒಂದೂವರೆ ಕೋಟಿ ಡಾಲರಿಗೂ ಮಿಕ್ಕಿ ಪರಿಹಾರ ಪಡೆದರು. ಆಮೇಲೆ ಇಟಲಿಯ ಫ್ಲಾರೆನ್ಸಿನಲ್ಲಿ ಒಂದು ತಂಡಕ್ಕೆ, ಬಳಿಕ ಟೆಕ್ಸಾಸಿನದೇ ಒಂದು ಹೈಸ್ಕೂಲಿಗೆ ಕೋಚ್ ಆದರು. ಬದುಕಿನ ಬಾಗಿಲು ಯಾರೂ ಮುಚ್ಚಿರಲಿಲ್ಲ. ಕೆನಡಾದ ಹ್ಯಾಮಿಲ್ಟನ್ ನಗರದ ತಂಡ, ದುಡಿಮೆಗೆಂದೇ ಆಡುವ ವಯಸ್ಕರ ತಂಡ, 2017ರಲ್ಲಿ ಅವರನ್ನು ಕರೆದು, ಜನರ ವಿರೋಧ ಕಂಡು ಅದೇ ದಿನ ನಿರ್ಧಾರ ಹಿಂತೆಗೆದುಕೊಂಡಿತ್ತು. ವಯಸ್ಕರ ತಂಡವೇ ಹಿಂಜರಿದ ಕಡೆ ಕಾಲೇಜು ಏಕೆ ಧೈರ್ಯ ಮಾಡಬೇಕು?

ಎರಡನೆಯ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲಿರುತ್ತದೆ. ನಮ್ಮಲ್ಲಿ ಹೇಳುತ್ತಾರಲ್ಲ, ಹಾಲು ಕೊಡುವ ಹಸು ಒದ್ದರೂ ಒದೆಸಿಕೊಳ್ಳಬೇಕು ಎಂದು. ಹಸು ಕರೆಯುವವಳ ಮಟ್ಟಿಗೆ ಇದು ನ್ಯಾಯವೇ. ಒದೆಯೂ ಅವಳಿಗೆ, ಹಾಲೂ ಅವಳಿಗೆ. ಇಲ್ಲಿ ಹಾಗಲ್ಲ. ಗೆಲುವಿನ ಸಂಭ್ರಮ ಹಳೆಯ ವಿದ್ಯಾರ್ಥಿಗಳಿಗೆ, ದೇಣಿಗೆ ಆಡಳಿತ ಮಂಡಳಿಗೆ, ಬಡ್ತಿ ಕ್ರೀಡಾ ನಿರ್ದೇಶಕರಿಗೆ. ಒದೆ ಬೀಳುವುದು ಹಾಸ್ಟೆಲ್ಲಿನ ಹತ್ತೊಂಬತ್ತರ ಹುಡುಗಿಗೆ. ಅವಳ ಪರವಾಗಿ ಅಪಾಯವನ್ನು ಒಪ್ಪಿಕೊಳ್ಳುವ ಹಕ್ಕು ಇವರಿಗೆ ಯಾರು ಕೊಟ್ಟರು?

ಎಲ್ಲ ವಿವಾದಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆಂದು ನಾನು ಹೇಳುತ್ತಿಲ್ಲ. ಬಾಬಿ ಪೆಟ್ರಿನೋ ಎಂಬ ಕೋಚ್ ಅವರ ಪ್ರಕರಣ ಬೇರೆ ಬಗೆಯದು. ಆರ್ಕನ್ಸಾ ವಿಶ್ವವಿದ್ಯಾಲಯದ ತಂಡವನ್ನು 2011ರಲ್ಲಿ ಅವರು ದೇಶದ ಐದನೆಯ ಸ್ಥಾನಕ್ಕೆ ಏರಿಸಿದ್ದರು. 2012ರ ಏಪ್ರಿಲ್ 1ರಂದು ಅವರ ಮೋಟಾರ್‌ಸೈಕಲ್ ಹೆದ್ದಾರಿಯಿಂದ ಜಾರಿ ಬಿತ್ತು. ಎರಡು ದಿನಗಳ ನಂತರ, ತರಚಿ ಕೆಂಪಾದ ಮುಖ, ಕುತ್ತಿಗೆಗೆ ಪಟ್ಟಿ, ನಾಲ್ಕು ಮುರಿದ ಪಕ್ಕೆಲುಬುಗಳೊಂದಿಗೆ ಅವರು ಪತ್ರಕರ್ತರ ಮುಂದೆ ಬಂದರು; ನೋಡಿದವರಿಗೆ ಅಯ್ಯೋ ಎನಿಸಿತ್ತು. ಆದರೆ ಹಿಂದಿನ ಸೀಟಿನಲ್ಲಿ ಇನ್ನೊಬ್ಬರಿದ್ದ ಸಂಗತಿಯನ್ನು ಅವರು ಮೇಲಧಿಕಾರಿಗೂ ಹೇಳಿರಲಿಲ್ಲ. ಹೇಳಿದ್ದು ಪೊಲೀಸ್ ವರದಿ ಹೊರಬೀಳುವ ತುಸು ಮುನ್ನ. ಆಕೆ ಅವರೇ ಕೆಲವೇ ದಿನಗಳ ಹಿಂದೆ 159 ಅರ್ಜಿಗಳ ನಡುವಿನಿಂದ ನೇಮಿಸಿಕೊಂಡಿದ್ದ ಉದ್ಯೋಗಿ, ಅವರ ಜೊತೆ ಖಾಸಗಿ ಸಂಬಂಧವಿದ್ದವರು. ಕ್ರೀಡಾ ನಿರ್ದೇಶಕ ಜೆಫ್ ಲಾಂಗ್ ಏಪ್ರಿಲ್ 10ರ ಸಂಜೆ ಪೆಟ್ರಿನೋ ಅವರನ್ನು ವಜಾ ಮಾಡಿದ್ದನ್ನು ಪ್ರಕಟಿಸಿದರು. ಹುಡುಗರಿಗೆ ಈ ವಿಷಯ ತಿಳಿಸಿದ ಬಗ್ಗೆ ಹೇಳುವಾಗ ಲಾಂಗ್ ಅವರ ಗಂಟಲು ಕಟ್ಟಿತು, ಮಾತು ನಿಂತಿತು. ಆ ಮೌನ ನನಗೆ ಬಹಳ ಹಿಡಿಸುತ್ತದೆ. ಅವರಿಗೆ ಬೆಲೆ ಗೊತ್ತಿತ್ತು. ಮುಂದಿನ ಋತುವಿನಲ್ಲಿ ತಂಡ 4 ಪಂದ್ಯ ಗೆದ್ದು 8 ಸೋತಿತು.

ಪೆಟ್ರಿನೋ ಅವರ ತಪ್ಪಿಗೆ ಮುಖ್ಯವಾಗಿ ಪೆಟ್ಟು ತಿಂದವರು ಅವರ ಮನೆಯವರು, ಅವರ ಸಂಸ್ಥೆ, ಅನ್ಯಾಯಕ್ಕೊಳಗಾದ ಉಳಿದ ಅರ್ಜಿದಾರರು. 2014ರಲ್ಲಿ ಲೂಯಿವಿಲ್ ವಿಶ್ವವಿದ್ಯಾಲಯ ಅವರನ್ನು ಮತ್ತೆ ಮುಖ್ಯ ಕೋಚ್ ಮಾಡಿಕೊಂಡಿತು; 2016ರಲ್ಲಿ ಅವರ ಕೈಕೆಳಗೆ ಲಾಮಾರ್ ಜಾಕ್ಸನ್ ಹೈಸ್ಮನ್ ಗೆದ್ದರು; 2018ರಲ್ಲಿ ತಂಡ ಹತ್ತರಲ್ಲಿ ಎಂಟು ಪಂದ್ಯ ಸೋತಾಗ ಅವರನ್ನು ಕಳುಹಿಸಿತು. 2023ರ ಕೊನೆಯಲ್ಲಿ ಆರ್ಕನ್ಸಾವೇ ಅವರನ್ನು ಸಹಾಯಕ ಕೋಚ್ ಆಗಿ ಮರಳಿ ಕರೆಯಿತು. ಹನ್ನೊಂದು ವರ್ಷ ಕಳೆದಿದೆ, ಮೇಲೊಬ್ಬರು ಇದ್ದಾರೆ, ಪರವಾಗಿಲ್ಲ ಎಂದು ಆಗ ನನಗೂ ಅನ್ನಿಸಿತ್ತು. ಆದರೆ 2025ರ ಸೆಪ್ಟೆಂಬರಿನಲ್ಲಿ ಮುಖ್ಯ ಕೋಚ್ ಸ್ಯಾಮ್ ಪಿಟ್‌ಮನ್ ಅವರನ್ನು ತೆಗೆದಾಗ, ಹಂಗಾಮಿ ಮುಖ್ಯ ಕೋಚ್ ಆಗಿ ಪೆಟ್ರಿನೋ ಅವರೇ ಆ ಕುರ್ಚಿಯಲ್ಲಿ ಕೂತರು. ಸಹಾಯಕ ಹುದ್ದೆ ತಾನೇ ಎಂಬ ಸಮಾಧಾನ ಎಷ್ಟು ತೆಳುವಾದದ್ದೆಂದು ಅದರಿಂದ ಕಲಿತೆ. ಯಾರನ್ನು ಮುಖ್ಯ ಕುರ್ಚಿಯಲ್ಲಿ ಕೂರಿಸಲು ಮನಸ್ಸಿಲ್ಲವೋ ಅವರನ್ನು ಅದರ ಪಕ್ಕದ ಕುರ್ಚಿಗೂ ಕರೆಯಬಾರದು.

ಹಾಗಾದರೆ ನೇಮಕಕ್ಕೆ ಮುನ್ನ ಏನು ಮಾಡಬೇಕು? ಮೊದಲಿಗೆ, ನಿರ್ಧರಿಸುವ ಕೋಣೆಯಲ್ಲಿ ಯಾರಿರುತ್ತಾರೆ ಎಂಬುದನ್ನು ನೋಡಬೇಕು. ಬೇಲರ್ ಬಿಟ್ಟ ಇಯಾನ್ ಮಕಾ ಅದೇ ವರ್ಷ ವರ್ಜೀನಿಯದ ಲಿಬರ್ಟಿ ವಿಶ್ವವಿದ್ಯಾಲಯಕ್ಕೆ ಕ್ರೀಡಾ ನಿರ್ದೇಶಕರಾದರು; 2018ರಲ್ಲಿ ಅಲ್ಲಿಗೆ ಕೋಚ್ ಆಗಿ ಬಂದವರು ಹಿಂದಿನ ವರ್ಷವಷ್ಟೇ ಮಿಸಿಸಿಪಿ ವಿಶ್ವವಿದ್ಯಾಲಯದಿಂದ ಎಸ್ಕಾರ್ಟ್ ಸೇವೆಯ ನಂಬರಿಗೆ ಹೋದ ಫೋನ್ ಕರೆಗಳ ಹಗರಣದಲ್ಲಿ ರಾಜೀನಾಮೆ ಕೊಟ್ಟಿದ್ದ ಹ್ಯೂ ಫ್ರೀಜ್. ಒಂದೇ ಬಳಗದವರು ಒಬ್ಬರನ್ನೊಬ್ಬರು ಅಳೆಯುತ್ತಿದ್ದರೆ ಅಳತೆಗೋಲು ಹೊರಗಿನಿಂದ ಬರುವುದಿಲ್ಲ. ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸುವ 1972ರ ಟೈಟಲ್ ನೈನ್ ಕಾಯ್ದೆಯ ಜಾರಿಗೆಂದು ಪ್ರತಿ ವಿಶ್ವವಿದ್ಯಾಲಯದಲ್ಲೂ ಒಬ್ಬ ಅಧಿಕಾರಿ ಇರುತ್ತಾರೆ. ಆ ಅಧಿಕಾರಿಯ ಸಹಿಯಿಲ್ಲದೆ ಕೋಚ್ ಒಪ್ಪಂದ ಪೂರ್ಣವಾಗಬಾರದು, ದೂರು ಕಿವಿಗೆ ಬಿದ್ದೊಡನೆ ಲಿಖಿತವಾಗಿ ತಿಳಿಸದಿದ್ದರೆ ಪರಿಹಾರದ ಹಣವೂ ಇಲ್ಲ ಎಂದು ಅದರಲ್ಲಿ ಬರೆಯಬೇಕು ಎಂಬುದು ನನ್ನ ಆಗ್ರಹ. ಇನ್ನು ಬರುವ ವ್ಯಕ್ತಿಯನ್ನು ಕೇಳಬೇಕಾದದ್ದು ಪಶ್ಚಾತ್ತಾಪದ ಮಾತನ್ನಲ್ಲ, ಅಂದು ಯಾವ ದಿನ, ಯಾರ ಬಾಯಿಂದ, ಏನು ಕೇಳಿದಿರಿ, ಮರುದಿನ ಏನು ಮಾಡಿದಿರಿ ಎಂಬುದನ್ನು.

ಗ್ರ್ಯಾಂಬ್ಲಿಂಗ್‌ಗೆ ಮರಳುತ್ತೇನೆ. ಕಪ್ಪು ವಿದ್ಯಾರ್ಥಿಗಳಿಗೆ ಬೇರೆಡೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರಿಗಾಗಿ ಬೆಳೆದ ವಿದ್ಯಾಸಂಸ್ಥೆ ಅದು. 1941ರಿಂದ 1997ರವರೆಗೆ ಅಲ್ಲಿ ಕೋಚ್ ಆಗಿದ್ದ ಎಡ್ಡಿ ರಾಬಿನ್ಸನ್ 408 ಪಂದ್ಯಗಳನ್ನು ಗೆದ್ದರು. ಅವರ ಶಿಷ್ಯ ಡಗ್ ವಿಲಿಯಮ್ಸ್ 1988ರಲ್ಲಿ ವೃತ್ತಿಪರ ಆಟದ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್; ಮುಂದೆ ಗುರುವಿನ ಕುರ್ಚಿಯಲ್ಲಿ ಕೂತು ಅದೇ ತಂಡವನ್ನು ಪಳಗಿಸಿದವರು. ಬ್ರೈಲ್ಸ್ ನೇಮಕದ ಸುದ್ದಿ ಬಂದಾಗ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಬೇಡವೆಂದವರಲ್ಲಿ ಅವರೊಬ್ಬರು. ಇಂಥವರಿರುವ ತನಕ ತನ್ನ ಬೆಂಬಲವಿಲ್ಲವೆಂದು ತನ್ನದೇ ಮನೆಯವರಿಗೆ ಹೇಳಿದರು. ತಂಡ ಗೆಲ್ಲಬೇಕೆಂಬ ಆಸೆ ಅವರಿಗಿಂತ ಹೆಚ್ಚು ಯಾರಿಗಿದ್ದೀತು? ಆ ವರ್ಷ ಗ್ರ್ಯಾಂಬ್ಲಿಂಗ್ 3 ಪಂದ್ಯ ಗೆದ್ದು 8 ಸೋತಿತು. ಬ್ರೈಲ್ಸ್ ಇದ್ದಿದ್ದರೆ ಒಂದೆರಡು ಗೆಲುವು ಹೆಚ್ಚಾಗುತ್ತಿದ್ದವೋ ಏನೋ. ಆ ಎಂಟು ಸೋಲುಗಳ ಪಟ್ಟಿಯನ್ನು ನಾನು ಇಂದಿಗೂ ಗೌರವದಿಂದಲೇ ಓದುತ್ತೇನೆ.

ನಮಸ್ಕಾರ.