ಮಾಜಿ ಸೈನಿಕರ ಸಮಾಧಿ ಕಲ್ಲು: ಅರ್ಜಿಗೆ ಉತ್ತರ ಬರೆಯುವ ಕೆಲಸ ಕಂಪ್ಯೂಟರಿಗೆ ಕೊಡಬಹುದಾ?

[ಪರದೆ: ಸಾಲಾಗಿ ನಿಂತ ಬಿಳಿ ಅಮೃತಶಿಲೆಯ ಕಲ್ಲುಗಳು. ಕ್ಯಾಮೆರಾ ಒಂದರ ಹತ್ತಿರ ಹೋಗುತ್ತದೆ.]

ನಮಸ್ಕಾರ. ಈ ಕಲ್ಲನ್ನು ನೋಡಿ. ಉದ್ದ 42 ಇಂಚು, ಅಗಲ 13 ಇಂಚು, ದಪ್ಪ 4 ಇಂಚು. ತೂಕ ಸುಮಾರು 230 ಪೌಂಡ್, ಅಂದರೆ ನೂರು ಕಿಲೋಗಿಂತ ಸ್ವಲ್ಪ ಜಾಸ್ತಿ. ಸೇನೆಯಲ್ಲಿ ಸೇವೆ ಮಾಡಿದವರ ಸಮಾಧಿಗೆ ಅಮೆರಿಕದ ಸರ್ಕಾರ ಕೊಡುವ ಕಲ್ಲು ಇದು. ಕಲ್ಲಿಗೂ ದುಡ್ಡಿಲ್ಲ, ಸಾಗಣೆಗೂ ದುಡ್ಡಿಲ್ಲ.

ಹೆಸರು, ಸೇನೆಯ ಯಾವ ಅಂಗ, ಹುಟ್ಟಿದ ವರ್ಷ, ತೀರಿಕೊಂಡ ವರ್ಷ. ಇವಿಷ್ಟು ಕಲ್ಲಿನ ಮೇಲೆ ಇರಲೇಬೇಕು. ಹುದ್ದೆ, ಪದಕ, ಹೋರಾಡಿದ ಯುದ್ಧ, ಧರ್ಮದ ಚಿಹ್ನೆ ಬೇಕಿದ್ದರೆ ಕೇಳಬಹುದು. ಚಿಹ್ನೆಗಳ ಪಟ್ಟಿಯಲ್ಲಿ ಶಿಲುಬೆ ಇದೆ, ಚಂದ್ರ-ನಕ್ಷತ್ರ ಇದೆ, ಓಂ ಕೂಡ ಇದೆ. ಬೂದಿ ಇಡುವ ಗೂಡಿಗೆ ಬೇಕಾದರೆ ಕಂಚಿನ ಪುಟ್ಟ ಫಲಕ ಕೊಡುತ್ತಾರೆ. ಬೂದಿಯನ್ನು ಎಲ್ಲೋ ನೀರಿಗೆ ಬಿಟ್ಟಾಗಿದೆ ಅಂದರೂ ಸ್ಮಶಾನದಲ್ಲಿ ನೆನಪಿನ ಕಲ್ಲು ಕೇಳಲು ಅವಕಾಶವಿದೆ. ಮಗನೋ ಮಗಳೋ ಅಲ್ಲಿನ ಸೇನೆ ಸೇರಿರುವ ಕನ್ನಡದ ಮನೆಗಳಿಗೆ ಇದು ಗೊತ್ತಿರಲಿ.

ಆದರೆ ಇವತ್ತಿನ ವಿಷಯ ಕಲ್ಲಲ್ಲ, ಕಾಗದ. ಕಲ್ಲು ಕೇಳಿದವರಿಗೂ ಕಚೇರಿಗೂ ನಡುವೆ ಓಡಾಡುವ ಪತ್ರಗಳು. ಇವನ್ನು ಕಂಪ್ಯೂಟರಿನಿಂದಲೇ ಬರೆಸಿದರೆ ಎಲ್ಲಿ ಲಾಭ, ಎಲ್ಲಿ ಎಡವಟ್ಟು? ನೋಡೋಣ.

[ಪರದೆ: ಹಳೆಯ ಮರದ ಹಲಗೆಯ ಚಿತ್ರ]

ಮೊದಲು ಸ್ವಲ್ಪ ಹಿಂದೆ ಹೋಗೋಣ. ಅಮೆರಿಕದ ಅಂತರ್ಯುದ್ಧ ಮುಗಿದ ಕಾಲಕ್ಕೆ ಸಮಾಧಿಗಳ ಮೇಲೆ ನೆಡುತ್ತಿದ್ದುದು ಮರದ ಹಲಗೆ. ಒಂದಕ್ಕೆ ಸುಮಾರು 1 ಡಾಲರ್ 23 ಸೆಂಟ್. ಐದು ವರ್ಷ ಬಾಳಿದರೆ ಹೆಚ್ಚು. ಲಕ್ಷಗಟ್ಟಲೆ ಸಮಾಧಿಗೆ ಮತ್ತೆ ಮತ್ತೆ ಹಲಗೆ ನೆಟ್ಟರೆ ಖರ್ಚು ನಿಲ್ಲುವುದೇ ಇಲ್ಲ. 1873ರಲ್ಲಿ ಯುದ್ಧ ಇಲಾಖೆಯ ಕಾರ್ಯದರ್ಶಿ ವಿಲಿಯಂ ಬೆಲ್‌ನ್ಯಾಪ್ ಕಲ್ಲಿನ ಮೊದಲ ವಿನ್ಯಾಸಕ್ಕೆ ಒಪ್ಪಿಗೆ ಕೊಟ್ಟರು. ಅದು ರಾಷ್ಟ್ರೀಯ ಸ್ಮಶಾನಗಳಿಗೆ, ಅಂದರೆ ಸೈನಿಕರಿಗಾಗಿ ಸರ್ಕಾರವೇ ನಡೆಸುವ ಸ್ಮಶಾನಗಳಿಗೆ, ಮಾತ್ರ. 1879ರಲ್ಲಿ ಸಂಸತ್ತು ಒಂದು ಹೆಜ್ಜೆ ಮುಂದೆ ಹೋಯಿತು. ಊರೂರಿನ ಖಾಸಗಿ ಸ್ಮಶಾನಗಳಲ್ಲಿ ಗುರುತಿಲ್ಲದೆ ಮಲಗಿದ್ದ ಸೈನಿಕರಿಗೂ ಕಲ್ಲು ಕೊಡಿ ಎಂದಿತು.

ಪತ್ರಗಳ ಕಥೆ ಶುರುವಾಗುವುದು ಅಲ್ಲಿಂದ. ಯಾಕೆ ಅಂದರೆ, ರಾಷ್ಟ್ರೀಯ ಸ್ಮಶಾನದಲ್ಲಿ ಹೂಳಿದರೆ ಸಿಬ್ಬಂದಿಯೇ ಕಲ್ಲು ತರಿಸುತ್ತಾರೆ, ಮನೆಯವರು ಅರ್ಜಿ ಹಾಕಬೇಕಿಲ್ಲ. ಖಾಸಗಿ ಸ್ಮಶಾನವಾದರೆ ಯಾರಾದರೂ ಕೇಳಬೇಕು. ಕೇಳಿದವರು ಯಾರು, ಸತ್ತವರು ನಿಜಕ್ಕೂ ಸೈನಿಕರಾ, ಕಲ್ಲನ್ನು ಇಳಿಸಿಕೊಳ್ಳುವವರು ಯಾರು ಎಂದು ಕಚೇರಿ ನೋಡಬೇಕು.

ಈಗ ಈ ಕೆಲಸ ಮಾಜಿ ಸೈನಿಕರ ಇಲಾಖೆಯ ಕೆಳಗಿರುವ ನ್ಯಾಷನಲ್ ಸಿಮೆಟರಿ ಅಡ್ಮಿನಿಸ್ಟ್ರೇಷನ್‌ನದು. ಅರ್ಜಿ ನಮೂನೆಯ ಸಂಖ್ಯೆ 40-1330. ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಕಲ್ಲು ಮತ್ತು ಫಲಕಗಳು ಹೋಗುತ್ತವೆ. ಇಷ್ಟು ಪ್ರಮಾಣದಲ್ಲಿ ಒಬ್ಬೊಬ್ಬರಿಗೂ ಗುಮಾಸ್ತರು ಕೂತು ಕಾಗದ ಬರೆಯುವುದು ಆಗದ ಮಾತು. ಅದಕ್ಕೇ ಆಟೋಮೇಟೆಡ್ ಮಾನ್ಯುಮೆಂಟ್ ಅಪ್ಲಿಕೇಷನ್ ಸಿಸ್ಟಮ್, ಚಿಕ್ಕದಾಗಿ ಅಮಾಸ್, ಎಂಬ ವ್ಯವಸ್ಥೆಯನ್ನು ಅಲ್ಲಿ ಹಿಂದೆಯೇ ಕಟ್ಟಿದ್ದರು.

ಸರಿ, ಕಂಪ್ಯೂಟರ್ ಪತ್ರ ಬರೆಯುವುದು ಅಂದರೆ ಏನು? ಸಿದ್ಧ ಒಕ್ಕಣೆ ಇರುತ್ತದೆ. ನಡುವೆ ಖಾಲಿ ಜಾಗಗಳು. ಅರ್ಜಿಯಲ್ಲಿರುವ ಹೆಸರು, ವಿಳಾಸ, ಅರ್ಜಿ ಸಂಖ್ಯೆ ಅಲ್ಲಿ ಬಂದು ಕೂರುತ್ತವೆ. ಇಷ್ಟನ್ನು ಯಾವ ಮೇಲ್ ಮರ್ಜ್ ಬೇಕಾದರೂ ಮಾಡುತ್ತದೆ. 'ನಿಮ್ಮ ಅರ್ಜಿ ತಲುಪಿದೆ' ಎಂಬ ಪತ್ರಕ್ಕೆ ಇದು ಸಾಕು. ಅದನ್ನು ಅರ್ಜಿ ಬಂದ ಕೂಡಲೇ ಕಳಿಸಬೇಕು, ಮನುಷ್ಯರು ಮುಟ್ಟುವ ಅಗತ್ಯವೇ ಇಲ್ಲ. 'ಕಲ್ಲು ಕಾರ್ಖಾನೆಯಿಂದ ಹೊರಟಿದೆ' ಎಂಬುದಕ್ಕೂ ಅಷ್ಟೇ.

ಇಷ್ಟು ಸರಳವಾದ ಕಡೆಯಲ್ಲೂ ಒಂದು ಅಪಾಯ ಇದೆ. ಈ ನಮೂನೆಯಲ್ಲಿ ಮೊದಲು ಬರುವ ಹೆಸರು ತೀರಿಕೊಂಡವರದು. ಅರ್ಜಿದಾರರ ಹೆಸರು ಆಮೇಲೆ. ಅಜಾಗರೂಕತೆಯಿಂದ ಬರೆದ ಪ್ರೋಗ್ರಾಂ ಮೊದಲು ಸಿಕ್ಕ ಹೆಸರನ್ನೇ ಎತ್ತಿಕೊಂಡರೆ ಏನಾಗುತ್ತದೆ? ಗಂಡನನ್ನು ಕಳೆದುಕೊಂಡ ಹೆಂಗಸಿನ ಮನೆಗೆ ಗಂಡನ ಹೆಸರಿಗೇ ಕಾಗದ ಬರುತ್ತದೆ. 'ಮಾನ್ಯರೇ, ನಿಮ್ಮ ಸಮಾಧಿ ಕಲ್ಲಿನ ಅರ್ಜಿ...' ಇದಕ್ಕಿಂತ ಕೆಟ್ಟ ಪತ್ರ ಇನ್ನೊಂದಿಲ್ಲ. ಪರೀಕ್ಷೆ ಮಾಡಿ ಹಿಡಿಯುತ್ತೇವೆ ಅಂದರೆ ಸಾಲದು. ಸಂಬೋಧನೆಯ ಜಾಗಕ್ಕೆ ಮೃತರ ಹೆಸರು ಬರಲು ಸಾಧ್ಯವೇ ಆಗದ ಹಾಗೆ ವ್ಯವಸ್ಥೆ ಕಟ್ಟಬೇಕು.

[ಪರದೆ: ಎರಡು ಪತ್ರಗಳು ಅಕ್ಕಪಕ್ಕ. ಕೆಳಗೆ: 'ಮಾದರಿ ಮಾತ್ರ, ನಾವೇ ಬರೆದದ್ದು']

ಈಗ ನಿಜವಾದ ಕಷ್ಟಕ್ಕೆ ಬರೋಣ. ಎಡಗಡೆಯ ಪತ್ರ ಓದಿ: 'ನಿಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ. ಸಲ್ಲಿಸಿರುವ ದಾಖಲೆಗಳು ಸಾಕಾಗುವುದಿಲ್ಲ. ಅಗತ್ಯ ದಾಖಲೆಗಳೊಂದಿಗೆ ಮರಳಿ ಸಲ್ಲಿಸಿ.' ನಮ್ಮ ಕಚೇರಿಗಳಿಂದ ಹಿಂಬರಹ ಪಡೆದವರಿಗೆಲ್ಲ ಈ ಧಾಟಿ ಬಾಯಿಪಾಠ, ಅಲ್ವಾ? ಯಾವ ದಾಖಲೆ ಸಾಲದು? ಯಾವುದನ್ನು ತರಬೇಕು? ಒಂದೂ ತಿಳಿಯುವುದಿಲ್ಲ. ಫೋನ್ ಮಾಡಬೇಕು, ಕಾಯಬೇಕು.

ಬಲಗಡೆಯದು: 'ನೀವು ಕಳಿಸಿದ ಡಿಡಿ 214ರ ನಕಲಿನಲ್ಲಿ ಬಿಡುಗಡೆಯ ಬಗೆ ಬರೆದಿರುವ ಭಾಗ ಮಸುಕಾಗಿದೆ. ಆ ಪುಟದ ಸ್ಪಷ್ಟ ನಕಲು ಕಳಿಸಿ. ಮೂಲ ಪ್ರತಿ ಕಳಿಸಬೇಡಿ. ಉಳಿದೆಲ್ಲ ಸರಿಯಾಗಿದೆ.'

ಡಿಡಿ 214 ಅಂದರೆ ಸೇನೆಯಿಂದ ಹೊರಬರುವಾಗ ಕೊಡುವ ಬಿಡುಗಡೆ ಪತ್ರ. 1950ರಿಂದ ಬಳಕೆಯಲ್ಲಿದೆ.

ಎರಡೂ ಪತ್ರಗಳನ್ನು ಕಂಪ್ಯೂಟರೇ ಬರೆಯಬಲ್ಲದು. ವ್ಯತ್ಯಾಸ ಇರುವುದು ಹಿಂದುಗಡೆ. ಕಡತ ನೋಡಿದ ಅಧಿಕಾರಿ 'ದಾಖಲೆ ಸಾಲದು' ಎಂಬ ಒಂದೇ ಗುಂಡಿ ಒತ್ತಲು ಸಾಧ್ಯವಿದ್ದರೆ ಹೊರಗೆ ಬರುವುದು ಎಡಗಡೆಯ ಪತ್ರವೇ. 'ನಕಲು ಮಸುಕು', 'ಸಹಿ ಇಲ್ಲ', 'ಕಲ್ಲು ಪಡೆಯುವವರ ವಿಳಾಸಕ್ಕೆ ಪೋಸ್ಟ್ ಬಾಕ್ಸ್ ಕೊಟ್ಟಿದ್ದಾರೆ' ಎಂದು ಬೇರೆ ಬೇರೆ ಕಾರಣ ಆರಿಸಲು ಕೊಟ್ಟರೆ ಬಲಗಡೆಯದು ಬರುತ್ತದೆ. ಅಂದ ಹಾಗೆ, ಪೋಸ್ಟ್ ಬಾಕ್ಸ್ ಸಮಸ್ಯೆ ನಿಜವಾದದ್ದು. ನೂರು ಕಿಲೋ ಕಲ್ಲನ್ನು ಟಪಾಲು ಪೆಟ್ಟಿಗೆಗೆ ಹಾಕಲು ಬರುವುದಿಲ್ಲ! ನನ್ನ ಪ್ರಕಾರ ಈ ಯೋಜನೆಯಲ್ಲಿ ಮುಕ್ಕಾಲು ಪಾಲು ಶ್ರಮ ಹಾಕಬೇಕಾದ್ದು ಈ ಕಾರಣಗಳ ಪಟ್ಟಿಗೆ. ಪತ್ರದ ಚೆಂದದ ವಿನ್ಯಾಸ ಆಮೇಲೆ ನೋಡಿಕೊಳ್ಳಬಹುದು.

[ಪರದೆ: ಉರಿಯುವ ಕಟ್ಟಡದ ರೇಖಾಚಿತ್ರ. '12 ಜುಲೈ 1973, ಸೇಂಟ್ ಲೂಯಿಸ್ ಹತ್ತಿರ']

ಒಂದು ಪರಿಸ್ಥಿತಿ ಕೊಡುತ್ತೇನೆ. 1953ರಲ್ಲಿ ಕೊರಿಯಾ ಯುದ್ಧ ಮುಗಿಸಿ ಭೂಸೇನೆ ಬಿಟ್ಟವರು. ಈಗ ತೀರಿಕೊಂಡಿದ್ದಾರೆ. ಮಗಳು ಅರ್ಜಿ ಹಾಕಿದ್ದಾಳೆ. ಮನೆಯಲ್ಲಿ ಬಿಡುಗಡೆ ಪತ್ರ ಸಿಗುತ್ತಿಲ್ಲ. ಕಂಪ್ಯೂಟರ್ 'ದಾಖಲೆ ಕೇಂದ್ರದಿಂದ ಸೇವಾ ಕಡತ ತರಿಸಿ ಕಳಿಸಿ' ಎಂದು ಬರೆಯುತ್ತದೆ. ಕೇಳಲು ಸರಿಯಾಗಿಯೇ ಇದೆ.

ಆದರೆ ಆ ಕಡತ ಬಹುಪಾಲು ಸುಟ್ಟು ಬೂದಿಯಾಗಿರುತ್ತದೆ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಪ್ರದೇಶದ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. 1.6ರಿಂದ 1.8 ಕೋಟಿ ಕಡತಗಳು ಹೋದವು. 1912ರ ನವೆಂಬರಿನಿಂದ 1960ರ ಜನವರಿ 1ರ ಒಳಗೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ಶೇ. 80ರಷ್ಟು ನಾಶ. ವಾಯುಸೇನೆಯಲ್ಲಿ 1947ರಿಂದ 1964ರವರೆಗಿನದರಲ್ಲಿ ಶೇ. 75ರಷ್ಟು. ವಾಯುಸೇನೆಯದರಲ್ಲಿ ಹೋದದ್ದು ಇಂಗ್ಲಿಷ್ ಅಕಾರಾದಿಯಲ್ಲಿ ಹಬರ್ಡ್ ಎಂಬ ಅಡ್ಡಹೆಸರಿನ ನಂತರ ಬರುವವರದು ಮಾತ್ರ. ನಕಲು ಇರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ, ಏನೇನಿತ್ತು ಎಂಬ ಪಟ್ಟಿಯೂ ಇರಲಿಲ್ಲ.

ಆ ಮಗಳಿಗೆ ಕಡತ ತಾ ಎಂದು ಬರೆಯುವುದು ಸುಮ್ನೆ ಅಲೆದಾಡಿಸಿದ ಹಾಗೆ. ಇಲ್ಲಿ ಯಂತ್ರ ಮನುಷ್ಯರಿಗಿಂತ ಚೆನ್ನಾಗಿ ಕೆಲಸ ಮಾಡಬಲ್ಲದು. ಸೇನೆಯ ಅಂಗ, ಬಿಡುಗಡೆಯ ತಾರೀಕು, ಅಡ್ಡಹೆಸರು ಈ ಮೂರು ನೋಡಿ, 'ಈ ಕಡತ ಸುಟ್ಟಿರುವ ಸಾಧ್ಯತೆ ಹೆಚ್ಚು' ಎಂದು ಅದು ತಾನೇ ಗುರುತಿಸಬಹುದು. ಆಗ ಬೇರೆ ಪ್ಯಾರಾ ಹಾಕಬೇಕು: ಬೆಂಕಿಯ ಬಗ್ಗೆ ಎರಡು ವಾಕ್ಯ, ಆಮೇಲೆ ಬದಲಿ ದಾರಿ. ಕೊನೆಯ ಸಂಬಳದ ಚೀಟಿಯಂಥ ಬೇರೆ ಕಾಗದಗಳಿಂದ ಸೇವೆಯನ್ನು ಮತ್ತೆ ಕಟ್ಟಿ ತೋರಿಸುವ ಪದ್ಧತಿ ಆ ಕೇಂದ್ರದಲ್ಲಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತರಿಗೆ ಹಬರ್ಡ್ ವಿಷಯ ನೆನಪಿರದೇ ಹೋಗಬಹುದು. ನಿಯಮವಾಗಿ ಒಮ್ಮೆ ಬರೆದಿಟ್ಟರೆ ಕಂಪ್ಯೂಟರ್ ಮರೆಯುವುದಿಲ್ಲ.

ಇನ್ನು, ಯಂತ್ರದ ಕೈಗೆ ಕೊಡಲೇಬಾರದ ಜಾಗ. ಬಿಡುಗಡೆಯಲ್ಲಿ ಬಗೆಗಳಿವೆ. ಆನರಬಲ್ (ಗೌರವದ), ಜನರಲ್ (ಸಾಮಾನ್ಯ), ಅದರ್ ದ್ಯಾನ್ ಆನರಬಲ್ (ಗೌರವದ್ದಲ್ಲದ), ಬ್ಯಾಡ್ ಕಂಡಕ್ಟ್ (ಕೆಟ್ಟ ನಡತೆಯ), ಡಿಸ್‌ಆನರಬಲ್ (ಅಗೌರವದ). ಮೊದಲ ಎರಡಕ್ಕೆ ತಕರಾರಿಲ್ಲ. ಕೊನೆಯದಕ್ಕೆ ಕಲ್ಲಿಲ್ಲ. ನಡುವಿನವಕ್ಕೆ ಸಲೀಸಾದ ಉತ್ತರ ಇಲ್ಲ. ಏನು ನಡೆದಿತ್ತು, ಯಾಕೆ ಹೊರಹಾಕಿದರು ಎಂದು ಇಲಾಖೆ ಕಡತ ಬಿಚ್ಚಿ ನೋಡಿ ತೀರ್ಮಾನಿಸಬೇಕು. 'ಆನರಬಲ್' ಎಂಬ ಅಕ್ಷರ ಕಂಡರೆ ಹೌದು, ಕಾಣದಿದ್ದರೆ ಇಲ್ಲ ಎಂದು ಹುಡುಕುವ ಪ್ರೋಗ್ರಾಂ ಎರಡೂ ಕಡೆ ಎಡವುತ್ತದೆ. ಇಲ್ಲ ಎನ್ನುವ ಯಾವ ಪತ್ರವೂ ಒಬ್ಬ ಅಧಿಕಾರಿ ಓದದೆ ಹೊರಗೆ ಹೋಗಬಾರದು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಕಾನೂನೂ ಇಲ್ಲಿ ಬಿಗಿಯಾಗಿದೆ. ಮೇಲ್ಮನವಿ ಸುಧಾರಣೆಯ ಕಾಯ್ದೆ 2017ರಲ್ಲಿ ಬಂತು, 2019ರ ಫೆಬ್ರವರಿಯಿಂದ ಜಾರಿಯಲ್ಲಿದೆ. ತೀರ್ಮಾನದ ಪತ್ರದಲ್ಲಿ ಏನೇನಿರಬೇಕು ಎಂದು ಏಳು ಅಂಶ ಹೇಳುತ್ತದೆ. ಯಾವ ದಾಖಲೆ ನೋಡಿದೆವು, ಯಾವ ಕಾನೂನು ಅನ್ವಯಿಸಿದೆವು, ನಿಮ್ಮ ಪರವಾಗಿ ಏನು ಸಿಕ್ಕಿತು, ಯಾವುದು ಸಾಬೀತಾಗಲಿಲ್ಲ, ನಾವು ನೋಡಿದ ದಾಖಲೆ ನಿಮಗೆ ಹೇಗೆ ಸಿಗುತ್ತದೆ, ಹೀಗೆ. ಒಪ್ಪದಿದ್ದರೆ ಒಂದು ವರ್ಷದೊಳಗೆ ಮುಂದಕ್ಕೆ ಹೋಗಬಹುದು. ಈ ಏಳರ ಚೌಕಟ್ಟು ಹಾಕಿ, ಒಂದು ಖಾಲಿ ಉಳಿದರೂ ಮುದ್ರಣಕ್ಕೆ ಹೋಗದಂತೆ ತಡೆಯುವುದು ಯಂತ್ರದ ಕೆಲಸ. ಒಳಗೆ ತುಂಬುವುದು ಮನುಷ್ಯರ ಕೆಲಸ.

ನಿಯಮಗಳು ಬದಲಾಗುತ್ತಲೂ ಇರುತ್ತವೆ. 2009ರ ನಿಯಮದಲ್ಲಿ ಹತ್ತಿರದ ಸಂಬಂಧಿಗಳು, ಅವರು ಒಪ್ಪಿಗೆ ಕೊಟ್ಟವರು, ಇಂಥವರು ಮಾತ್ರ ಅರ್ಜಿ ಹಾಕಬಹುದಿತ್ತು. ನೂರೈವತ್ತು ವರ್ಷ ಹಿಂದೆ ಸತ್ತ ಸೈನಿಕನ ಹತ್ತಿರದ ಸಂಬಂಧಿಯನ್ನು ಎಲ್ಲಿ ಹುಡುಕುವುದು? ಹಳೆಯ ಸಮಾಧಿಗಳಿಗೆ ಕಲ್ಲು ಹಾಕಿಸುತ್ತಿದ್ದ ಇತಿಹಾಸಾಸಕ್ತರು ಕೈಕಟ್ಟಿ ಕೂತರು. 2016ರಲ್ಲಿ ಬಾಗಿಲು ತೆರೆಯಿತು. 1917ರ ಏಪ್ರಿಲ್ 6ಕ್ಕೆ ಮುಂಚೆ ಸೇವೆ ಮುಗಿಸಿದವರ ಪರವಾಗಿ ಈಗ ಯಾರು ಬೇಕಾದರೂ ಅರ್ಜಿ ಹಾಕಬಹುದು. ಹಾಗಾಗಿ ಕಾನೂನನ್ನು ಪತ್ರದ ಒಕ್ಕಣೆಯೊಳಗೆ ಹೂಳಬೇಡಿ. ಬೇರೆ ಪಟ್ಟಿಯಲ್ಲಿ ಇಡಿ, ಯಾವ ದಿನದಿಂದ ಜಾರಿ ಎಂದು ತಾರೀಕು ಹಾಕಿ.

[ಪರದೆ: ಕೈಬರಹದ ನಮೂನೆ, ಪಕ್ಕದಲ್ಲಿ ಬಿಡುಗಡೆ ಪತ್ರ]

ಕೊನೆಗೆ, ಮಂಜೂರಾತಿ. ಇದು ಸುಲಭದ ಪತ್ರ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅರ್ಜಿಗಳಲ್ಲಿ ಎಷ್ಟೋ ಕೈಬರಹದ್ದು, ಸ್ಕ್ಯಾನ್ ಆಗಿ ಒಳಗೆ ಬರುತ್ತವೆ. ಬರಹ ಓದುವ ಸಾಫ್ಟ್‌ವೇರ್ 1 ಮತ್ತು 7ನ್ನು ಅದಲುಬದಲು ಮಾಡಬಹುದು. ನಮೂನೆಯಲ್ಲಿ ಅಮೆರಿಕದ ರೂಢಿಯಂತೆ ತಿಂಗಳು ಮೊದಲು. ಹಳೆಯ ಬಿಡುಗಡೆ ಪತ್ರಗಳಲ್ಲಿ ದಿನ ಮೊದಲು, ವರ್ಷಕ್ಕೆ ಎರಡೇ ಅಂಕಿ: '12 ಮಾರ್ಚ್ 68'. ಪತ್ರದಲ್ಲಿ ತಪ್ಪಾದರೆ ಇನ್ನೊಂದು ಪತ್ರ ಕಳಿಸಬಹುದು. ಕಲ್ಲಿನಲ್ಲಿ ತಪ್ಪಾದರೆ ಇನ್ನೊಂದು ಕಲ್ಲನ್ನೇ ಕೆತ್ತಬೇಕು.

ನನ್ನ ಕೈಗೆ ಕೊಟ್ಟರೆ ಮಂಜೂರಾತಿ ಪತ್ರದಲ್ಲಿ ಕಲ್ಲಿನ ಬರಹವನ್ನು ಸಾಲು ಸಾಲಾಗಿ, ಕೆತ್ತುವ ರೀತಿಯಲ್ಲೇ ಅಚ್ಚು ಹಾಕುತ್ತೇನೆ. ಪಕ್ಕದಲ್ಲಿ ಒಂದೇ ಸಾಲು: ತಪ್ಪಿದ್ದರೆ ಇಂತಿಷ್ಟು ದಿನದೊಳಗೆ ತಿಳಿಸಿ. ಉತ್ತರ ಬರಲೇ ಇಲ್ಲ ಅಂದರೆ? ಅರ್ಜಿ ಮತ್ತು ಬಿಡುಗಡೆ ಪತ್ರ ಎರಡೂ ಅಕ್ಷರಶಃ ಹೊಂದಿದ್ದರೆ ಕೆತ್ತನೆಗೆ ಕಳಿಸಿ, ದುಃಖದಲ್ಲಿರುವವರನ್ನು ಕಾಯಿಸಬೇಡಿ. ಒಂದು ಅಂಕಿ ವ್ಯತ್ಯಾಸವಿದ್ದರೂ ನಿಲ್ಲಿಸಿ, ಯಾರಾದರೂ ಫೋನ್ ಎತ್ತಿ ಮಾತಾಡಲಿ. ಅದೇ ಪತ್ರದ ಮೇಲ್ಭಾಗದಲ್ಲೇ ಇನ್ನೊಂದು ವಿಷಯ ಬೇಕು: ಖಾಸಗಿ ಸ್ಮಶಾನದಲ್ಲಿ ಕಲ್ಲು ನೆಡಿಸುವ ಖರ್ಚು ಮನೆಯವರದು. ಇದನ್ನು ಮೂರನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹೇಳಿದರೆ ಸ್ಮಶಾನದವರ ಬಿಲ್ ಬಂದಾಗ ಜಗಳ.

ಪೂರ್ತಿ ಯಂತ್ರಕ್ಕೆ ಬಿಟ್ಟರೂ ಯಾರಿಗೂ ಬೇಸರವಾಗದ ಪತ್ರವೂ ಒಂದಿದೆ. 1962ರ ಮಾರ್ಚಿನಲ್ಲಿ ಅಧ್ಯಕ್ಷ ಕೆನಡಿ ಶುರು ಮಾಡಿದ ಅಧ್ಯಕ್ಷರ ಸ್ಮರಣ ಪತ್ರ. ಹಾಲಿ ಅಧ್ಯಕ್ಷರ ಸಹಿಯ ಅಚ್ಚಿರುವ ಕಾಗದ. ಅಧ್ಯಕ್ಷರು ಕೂತು ಒಂದೊಂದಕ್ಕೂ ಸಹಿ ಹಾಕಿದ್ದಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಅದರಲ್ಲಿ ಹೆಸರು ಸರಿಯಾಗಿದ್ದರೆ ಸಾಕು.

[ಪರದೆ: '40-10007']

ಮನೆಯಲ್ಲಿ ಅಮೆರಿಕದ ಸೇನೆಯಲ್ಲಿದ್ದವರು ಇದ್ದರೆ ಈ ಸಂಖ್ಯೆ ಬರೆದಿಟ್ಟುಕೊಳ್ಳಿ. ರಾಷ್ಟ್ರೀಯ ಸ್ಮಶಾನದಲ್ಲಿ ಜಾಗಕ್ಕೆ ಅರ್ಹರಾ ಎಂದು ಬದುಕಿದ್ದಾಗಲೇ ಕೇಳುವ ನಮೂನೆ ಇದು. 2016ರ ಡಿಸೆಂಬರಿನಿಂದ ಇದೆ. ಜಾಗ ಕಾದಿರಿಸುವುದಿಲ್ಲ, ಅರ್ಹತೆ ಮಾತ್ರ ಹೇಳುತ್ತದೆ. ಆದರೆ ಮಸುಕು ನಕಲು, ಸುಟ್ಟ ಕಡತ, ಬಿಡುಗಡೆಯ ಬಗೆ ಇಂಥ ಪ್ರಶ್ನೆಗೆಲ್ಲ ಆಗ ಉತ್ತರ ಹೇಳುವವರು ಸೈನಿಕರೇ ಆಗಿರುತ್ತಾರೆ. ಬಂದ ಪತ್ರವನ್ನು ಡಿಡಿ 214ರ ಜೊತೆಯಲ್ಲೇ ಇಡಿ, ಎಲ್ಲಿಟ್ಟಿದ್ದೀರಿ ಎಂದು ಇನ್ನೊಬ್ಬರಿಗೆ ಹೇಳಿರಿ.