ಕಳೆ ಕಣ್ಣಿಗೆ ಬೀಳುವ ಮೊದಲೇ

ಕೇಳುಗರೆ, ನಮಸ್ಕಾರ.

ಭತ್ತದ ಗದ್ದೆಯಲ್ಲಿ ಒಂದು ಹುಲ್ಲು ಬೆಳೆಯುತ್ತದೆ. ಎಳೆಯದಿದ್ದಾಗ ಥೇಟ್ ಭತ್ತದ ಪೈರೇ. ಸಸಿಯ ಜೊತೆ ಅದೂ ಕೈಗೆ ಬರುತ್ತದೆ, ಎಷ್ಟೋ ಸಲ ನಾವೇ ಅದನ್ನು ನೆಟ್ಟು ಬರುತ್ತೇವೆ! ಗುರುತು ಹಿಡಿಯಲು ಎಲೆ ಕಾಂಡಕ್ಕೆ ಸೇರುವ ಜಾಗ ನೋಡಿ. ಭತ್ತಕ್ಕೆ ಅಲ್ಲಿ ತೆಳ್ಳನೆಯ ಬಿಳಿ ಪೊರೆ ಇರುತ್ತದೆ. ಆ ಹುಲ್ಲಿಗೆ ಪೊರೆ ಇಲ್ಲ, ನುಣ್ಣಗಿರುತ್ತದೆ.

ಭತ್ತ, ಗೋಧಿ, ಜೋಳದಂಥ ಏಕದಳ ಧಾನ್ಯಗಳ ಕಷ್ಟವೇ ಇದು. ಬೆಳೆಯೂ ಹುಲ್ಲಿನ ಜಾತಿ, ಕಳೆಯಲ್ಲೂ ಎಷ್ಟೋ ಹುಲ್ಲಿನ ಜಾತಿಯವೇ. ಒಂದನ್ನು ಉಳಿಸಿ ಇನ್ನೊಂದನ್ನು ಸಾಯಿಸುವ ಔಷಧಿ ಸಿಕ್ಕರೂ ಅದನ್ನೇ ನೆಚ್ಚಿ ಕೂರುವಂತಿಲ್ಲ. ಪಂಜಾಬ್, ಹರಿಯಾಣದ ಗೋಧಿ ಹೊಲಗಳಲ್ಲಿ ಫಲಾರಿಸ್ ಎಂಬ ಹುಲ್ಲಿಗೆ ವರ್ಷಗಟ್ಟಲೆ ಒಂದೇ ಕಳೆನಾಶಕ ಹೊಡೆದರು. 1990ರ ದಶಕದ ಶುರುವಿನ ಹೊತ್ತಿಗೆ ಅದು ಆ ಔಷಧಿಗೆ ಜಗ್ಗದಂತಾಯಿತು. ಅಲ್ಲಿ ನೆರವಿಗೆ ಬಂದದ್ದರಲ್ಲಿ ಒಂದು, ಉಳದೆ ಬಿತ್ತುವ ಪದ್ಧತಿ. ಮಣ್ಣು ಕದಡದಿದ್ದರೆ ಆ ಹುಲ್ಲು ಕಡಿಮೆ ಮೊಳೆಯುತ್ತದೆ.

ಹಾಗಾಗಿ ಇವತ್ತು ಸಿಂಪಡಣೆಯ ಮಾತು ಬೇಡ. ಉಳುಮೆ, ಬಿತ್ತನೆ, ನೀರು, ಕುಂಟೆ, ಇಷ್ಟನ್ನೇ ಮಾತಾಡೋಣ.

ಬೆಳೆಯ ಆಯಸ್ಸಿನ ಮೊದಲ ಮೂರನೇ ಒಂದು ಭಾಗ ಇದೆಯಲ್ಲ, ಕಳೆಯ ಲೆಕ್ಕ ಬಹುತೇಕ ಅಲ್ಲೇ ಮುಗಿಯುತ್ತದೆ. ಮೂರು ತಿಂಗಳ ಬೆಳೆಗೆ ಮೊದಲ ಒಂದು ತಿಂಗಳು. ಮೆಕ್ಕೆಜೋಳ, ಜೋಳಕ್ಕೆ ಇನ್ನೂ ಒಂದೆರಡು ವಾರ ಜಾಸ್ತಿ. ಆಮೇಲೆ ಪೈರೇ ಸಾಲು ಮುಚ್ಚಿ ನೆರಳು ಮಾಡುತ್ತದೆ. ಅರವತ್ತನೇ ದಿನ ಆಳು ಹಚ್ಚಿ ಹೊಲ ಚೊಕ್ಕ ಮಾಡಿದರೆ ನೋಡಲು ಚೆಂದ. ಆದರೆ ಇಳುವರಿಗೆ ಬಿದ್ದ ಏಟು ಬಿದ್ದಾಗಿರುತ್ತದೆ.

ನನ್ನ ಮೆಚ್ಚಿನ ಉಪಾಯ ಬಿತ್ತನೆಗೂ ಮೊದಲಿನದು. ಬಿತ್ತಲು ಹೊಲ ಸಿದ್ಧ ಮಾಡಿಕೊಳ್ಳಿ, ಆದರೆ ಬಿತ್ತಬೇಡಿ. ಒಂದು ಮಳೆ ಬೀಳಲಿ, ಇಲ್ಲವೇ ನೀರು ಹಾಯಿಸಿ. ಹತ್ತು ಹದಿನೈದು ದಿನ ಸುಮ್ನೆ ಬಿಡಿ. ಹೊಲ ನಿಮ್ಮದಲ್ಲ ಎನ್ನುವ ಹಾಗೆ ಹಸಿರಾಗುತ್ತದೆ. ಆಗ ತೆಳ್ಳಗೆ, ಒಂದೆರಡು ಅಂಗುಲ ಆಳಕ್ಕೆ ಮಾತ್ರ ಹರಗಿ ಬಿತ್ತಿ. ಸಣ್ಣ ಕಳೆಬೀಜಗಳು ಮೊಳೆಯುವುದು ಹೆಚ್ಚಾಗಿ ಆ ಮೇಲಿನ ಪದರದಲ್ಲೇ. ಇನ್ನೊಮ್ಮೆ ಆಳವಾಗಿ ಉಳುಮೆ ಮಾಡಿದಿರೋ, ಕೆಳಗೆ ಮಲಗಿದ್ದ ಬೀಜವನ್ನು ಎಬ್ಬಿಸಿ ಮೇಲೆ ತಂದಂತೆ, ಮಾಡಿದ್ದೆಲ್ಲ ದಂಡ. ಒಂದು ಮಾತು ಮಾತ್ರ ನೆನಪಿರಲಿ. ಮಳೆಯನ್ನೇ ನಂಬಿದವರಿಗೆ ಹದಿನೈದು ದಿನ ಕಾದರೆ ಬಿತ್ತನೆಯ ಹದವೇ ತಪ್ಪಬಹುದು. ಅಂಥವರು ಈ ಉಪಾಯ ಬಿಟ್ಟುಬಿಡಿ.

ಬಿತ್ತುವಾಗ ಚೆಲ್ಲಬೇಡಿ, ಸಾಲಿನಲ್ಲಿ ಬಿತ್ತಿ. ಗೊಬ್ಬರವನ್ನೂ ಸಾಲಿಗೇ ಕೊಡಿ. ಹೊಲದ ತುಂಬ ಎರಚಿದ ಗೊಬ್ಬರದಲ್ಲಿ ಕಳೆಗೂ ಪಾಲು ಸಿಗುತ್ತದೆ. ಸಾಲಿದ್ದರೆ ನಡುವಿನ ಕಳೆ ಕೆರೆಯುವ ಎಡೆಕುಂಟೆ ಓಡುತ್ತದೆ, ಅಲ್ವಾ? ಆ ಕುಂಟೆಯನ್ನು ಬೇಗ ಹೊಡೆಯಿರಿ. ಮಣ್ಣು ಕೆದಕಿದರೆ ಬಿಳಿ ದಾರದಂಥ ಮೊಳಕೆ ಕಾಣುವ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. "ಇನ್ನೂ ಕಳೆಯೇ ಎದ್ದಿಲ್ಲವಲ್ಲ" ಎಂದು ಕಾದವರೇ ಮುಂದೆ ಆಳಿಗಾಗಿ ಅಲೆಯುತ್ತಾರೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿದ ಹಾಗೆ. ಬಿಸಿಲಿರುವ ದಿನ ನೋಡಿಕೊಳ್ಳಿ. ಮೋಡ ಕವಿದ ದಿನ ಕಿತ್ತ ಕಳೆ ಮತ್ತೆ ಬೇರು ಬಿಡುತ್ತದೆ.

ಭತ್ತಕ್ಕೆ ನೀರೇ ಕಾವಲು. ನಾಟಿ ಆಗಿ ಸಸಿ ಹಿಡಿದ ಮೇಲೆ ಎರಡು ಅಂಗುಲ ನೀರು ನಿಂತರೆ ಹುಲ್ಲಿನ ಜಾತಿಯ ಕಳೆ ಏಳುವುದು ಕಷ್ಟ. ಆದರೆ ಗದ್ದೆ ಸಮ ಇರಬೇಕು. ನೀರಿನಿಂದ ಮೇಲೆ ಎದ್ದ ದಿಬ್ಬಗಳಲ್ಲೇ ಮೊದಲು ಹುಲ್ಲು ಕಾಣುವುದು.

ಈಗ ನನ್ನದೇ ಒಂದು ಪೆದ್ದುತನ. ಜೇಕು ಎಂಬ ಗಡ್ಡೆಯ ಕಳೆ ತುಂಬಿದ ಹೊಲವನ್ನು ಒಮ್ಮೆ ಹಸಿಯಲ್ಲೇ ಉಳುಮೆ ಮಾಡಿಸಿದೆ. ಇಪ್ಪತ್ತು ದಿನಕ್ಕೆ ಮೊದಲಿಗಿಂತ ದಟ್ಟವಾಗಿ ಎದ್ದಿತು. ಜೇಕಿನ ಗಡ್ಡೆಗಳು ನೆಲದೊಳಗೆ ಸರದ ಹಾಗೆ ಪೋಣಿಸಿಕೊಂಡಿರುತ್ತವೆ. ಸರ ಇಡಿಯಾಗಿದ್ದಷ್ಟು ದಿನ ಎಷ್ಟೋ ಗಡ್ಡೆ ಮಲಗಿರುತ್ತವೆ, ಹರಿದರೆ ಒಂದೊಂದೂ ಚಿಗುರುತ್ತದೆ. ನೇಗಿಲು ಸರ ಹರಿಯಿತು, ಹಸಿ ಮಣ್ಣು ಜೀವ ಉಳಿಸಿತು. ಅದನ್ನು ಉಳಬೇಕಾದದ್ದು ಕಡು ಬೇಸಿಗೆಯಲ್ಲಿ, ಮಣ್ಣು ಒಣಗಿ ಹೆಂಟೆ ಏಳುವಾಗ. ಗಡ್ಡೆ ಬಿಸಿಲಿಗೆ ಬಿದ್ದು ಒಣಗಲಿ.

ಕೊನೆಗೆ ಜೋಳದವರಿಗೆ, ಸ್ಟ್ರೈಗಾ. ಇದು ಬೇರಿಗೆ ಅಂಟಿ ರಸ ಹೀರುವ ಕಸ. ಮೇಲೆ ಕಾಣುವ ಹೊತ್ತಿಗೆ ನೆಲದೊಳಗೆ ಹಾನಿ ಸಾಕಷ್ಟು ಆಗಿರುತ್ತದೆ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ದೂಳಿನಷ್ಟು ಸಣ್ಣವು, ಹತ್ತು ವರ್ಷವಾದರೂ ಮಣ್ಣಿನಲ್ಲಿ ಬದುಕಿರಬಲ್ಲವು. ಹತ್ತಿ ಇಲ್ಲವೇ ಅಲಸಂದೆ ಹಾಕಿ ಬೆಳೆ ಬದಲಿಸಿ. ಅವುಗಳ ಬೇರಿನ ರಸಕ್ಕೆ ಈ ಬೀಜ ಮೋಸಹೋಗಿ ಮೊಳೆಯುತ್ತದೆ, ಅಂಟಿಕೊಳ್ಳಲಾಗದೆ ಸಾಯುತ್ತದೆ. ಜೋಳದಲ್ಲಿ ಕಂಡರೆ ಹೂವಿಗೆ ಮೊದಲೇ ಕೀಳಿ. ಹೂ ಬಿಟ್ಟಿದ್ದರೆ ಬದುವಿಗೆ ಎಸೆಯಬೇಡಿ, ಗೊಬ್ಬರದ ಗುಂಡಿಗಂತೂ ಬೇಡವೇ ಬೇಡ. ಹೊಲದಿಂದ ಹೊರಗೆ ಒಯ್ದು ಸುಟ್ಟುಬಿಡಿ.

ನಮಸ್ಕಾರ.