ಮರೆವಿನ ಸ್ಕ್ಯಾನ್ ಏನನ್ನು ನೋಡುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಹಿರಿಯರಿಗೆ ಮರೆವು ಜಾಸ್ತಿಯಾದರೆ ಬೆಂಗಳೂರಿನಲ್ಲಿ ಈಗ ಎಷ್ಟೋ ಮಕ್ಕಳು, 'ಡಾಕ್ಟ್ರೇ, ಪೆಟ್ ಸ್ಕ್ಯಾನ್ ಮಾಡಿಸಿಬಿಡೋಣ್ವಾ?' ಅಂತ ಕೇಳುತ್ತಾರೆ. ಮೈಯೊಳಗೆ ಕೊಟ್ಟ ವಿಕಿರಣದ ವಸ್ತು ಎಲ್ಲಿ ಸೇರಿದೆ ಅಂತ ಚಿತ್ರದಲ್ಲಿ ತೋರಿಸುವ ಪರೀಕ್ಷೆ ಅದು. ಕೇಳುವುದು ತಪ್ಪಲ್ಲ. ಆದರೆ ಆ ಸ್ಕ್ಯಾನ್ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಅಂತ ಗೊತ್ತಿರಬೇಕು.

1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್, ಮರೆವಿನ ಕಾಯಿಲೆಯಿದ್ದು ತೀರಿಕೊಂಡ ಹೆಂಗಸೊಬ್ಬರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಹೊರಗೆ ಗಟ್ಟಿಯಾದ ಚಕ್ಕೆಗಳು, ಒಳಗೆ ಸಿಕ್ಕುಸಿಕ್ಕಾದ ಎಳೆಗಳು. ಚಕ್ಕೆ ಅಮೈಲಾಯ್ಡ್ ಎಂಬ ಪ್ರೋಟೀನಿನದು, ಎಳೆ ಟೌ ಎಂಬ ಪ್ರೋಟೀನಿನದು. ಆಮೇಲೆ ಹೆಚ್ಚುಕಮ್ಮಿ ನೂರು ವರ್ಷ, ಇವನ್ನು ನೋಡಲು ರೋಗಿ ಸಾಯುವ ತನಕ ಕಾಯಬೇಕಿತ್ತು.

ದಾರಿ ತೋರಿಸಿದ್ದು ಥಯೋಫ್ಲೇವಿನ್ ಎಂಬ ಬಣ್ಣ. ಲ್ಯಾಬಿನಲ್ಲಿ ಅಮೈಲಾಯ್ಡಿಗೆ ಹಚ್ಚುತ್ತಿದ್ದದ್ದು ಅದನ್ನೇ. ಅದರ ಅಣುವಿಗೆ ವಿದ್ಯುತ್ ಚಾರ್ಜ್ ಇದೆ, ಹಾಗಾಗಿ ರಕ್ತದಿಂದ ಮಿದುಳಿನೊಳಕ್ಕೆ ದಾಟಲಾರದು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ಆ ಚಾರ್ಜನ್ನೇ ತೆಗೆದುಹಾಕಿದರು, ವಿಕಿರಣ ಸೂಸುವ ಕಾರ್ಬನ್-11 ಸೇರಿಸಿದರು. 2002ರಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಒಬ್ಬ ರೋಗಿಗೆ ಅದನ್ನು ಕೊಟ್ಟಾಗ, ಬದುಕಿರುವವರ ಮಿದುಳಿನಲ್ಲೇ ಅಮೈಲಾಯ್ಡ್ ಕಾಣಿಸಿತು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಇಂಥ ವಸ್ತುವನ್ನೇ ಟ್ರೇಸರ್ ಅನ್ನುವುದು.

ಕಾರ್ಬನ್-11ಗೆ ಆಯಸ್ಸು ಕಡಿಮೆ. 20 ನಿಮಿಷಕ್ಕೆ ಅರ್ಧ ಕರಗುತ್ತದೆ. ಸಂಜೆ ಹೊತ್ತು ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲೇ ಅರ್ಧ ಹೋಗಿರುತ್ತದೆ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಪಕ್ಕದಲ್ಲೇ ಇರುವ ಆಸ್ಪತ್ರೆಗೆ ಮಾತ್ರ ಅದು ಒದಗೀತು. ಫ್ಲೋರಿನ್-18 ಅರ್ಧವಾಗಲು ಸುಮಾರು 110 ನಿಮಿಷ ಬೇಕು, ಅಂದರೆ ಗಾಡಿಯಲ್ಲಿ ಸಾಗಿಸಬಹುದು. ಅದನ್ನು ಬಳಸುವ ಅಮೈಲಾಯ್ಡ್ ಟ್ರೇಸರ್ ಫ್ಲೋರ್‌ಬೆಟಾಪಿರ್‌ಗೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ಟೌ ತೋರಿಸುವ ಫ್ಲೋರ್‌ಟೌಸಿಪಿರ್‌ಗೆ 2020ರಲ್ಲಿ.

ಚಿತ್ರ ಓದುವುದೂ ಸುಲಭವಲ್ಲ. ಅಮೈಲಾಯ್ಡ್ ಇಲ್ಲದ ಮಿದುಳಿನಲ್ಲೂ ಒಳಗಿನ ಬಿಳಿ ಭಾಗ ಟ್ರೇಸರನ್ನು ಹಿಡಿದುಕೊಳ್ಳುತ್ತದೆ, ಹೊರಗಿನ ಬೂದು ಪದರ ಮಂಕಾಗಿಯೇ ಇರುತ್ತದೆ. ಎರಡರ ನಡುವಿನ ಗೆರೆ ಸ್ಪಷ್ಟವಾಗಿರುತ್ತದೆ. ಆ ಗೆರೆ ಅಳಿಸಿಹೋಗಿ ಹೊಳಪು ಅಂಚಿನ ತನಕ ಹರಡಿದ್ದರೆ 'ಪಾಸಿಟಿವ್'.

ಪಾಸಿಟಿವ್ ಅಂದ ಮಾತ್ರಕ್ಕೆ ಮರೆವಿನ ಕಾಯಿಲೆ ಬಂದಿದೆ ಅಂತಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ಮರೆವು ಶುರುವಾಗುವ 15, 20 ವರ್ಷ ಮೊದಲೇ ಅಮೈಲಾಯ್ಡ್ ಸೇರತೊಡಗುತ್ತದೆ. ಅದನ್ನು ಹೊತ್ತುಕೊಂಡೇ ಚುರುಕಾಗಿ ಲೆಕ್ಕಪತ್ರ ನೋಡಿಕೊಳ್ಳುವ ಅಜ್ಜ ಅಜ್ಜಿಯರು ಬೇಕಾದಷ್ಟಿದ್ದಾರೆ. ರೋಗದ ಲಕ್ಷಣಗಳ ಜೊತೆಜೊತೆಗೆ ಹೆಜ್ಜೆ ಹಾಕುವುದು ಹೆಚ್ಚಾಗಿ ಟೌ. ಹಾಗಾಗಿ ಮರೆವೇ ಇಲ್ಲದವರು ಸುಮ್ನೆ ಮಾಡಿಸಿಕೊಳ್ಳುವ ಪರೀಕ್ಷೆ ಇದಲ್ಲ. ಅಮೈಲಾಯ್ಡ್ ತೆಗೆಯುವ ಲೆಕನೆಮ್ಯಾಬ್‌ನಂಥ ಔಷಧಿ ಕೊಡುವ ಮುಂಚೆ ಮಾತ್ರ ಅಮೈಲಾಯ್ಡ್ ಇದೆ ಅನ್ನುವುದು ಖಾತ್ರಿಯಾಗಲೇಬೇಕು.

ನೆಗೆಟಿವ್ ಬಂದರೂ ದೊಡ್ಡ ಉಪಕಾರ. ಆಗ ಮರೆವಿಗೆ ಆಲ್ಜೈಮರ್ಸ್ ಕಾರಣವಾಗಿರುವ ಸಾಧ್ಯತೆ ತುಂಬಾ ಕಡಿಮೆ, ಬೇರೆ ಕಾರಣ ಹುಡುಕಬಹುದು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ, ಮೊದಲು ನಿಮ್ಹಾನ್ಸ್‌ಗೋ ಹತ್ತಿರದ ನರರೋಗ ತಜ್ಞರ ಹತ್ತಿರವೋ ಕರೆದುಕೊಂಡು ಹೋಗಿ. ವಿಟಮಿನ್ ಬಿ12, ಥೈರಾಯ್ಡ್, ಮನಸ್ಸಿನ ಖಿನ್ನತೆ, ನುಂಗುತ್ತಿರುವ ಮಾತ್ರೆಗಳು, ಇವನ್ನೆಲ್ಲ ಅವರು ನೋಡುತ್ತಾರೆ. ಮರೆವು ಯಾವಾಗ, ಹೇಗೆ ಶುರುವಾಯಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಟ್ರೇಸರ್ ಸ್ಕ್ಯಾನ್ ಬೇಕೋ ಬೇಡವೋ ಅನ್ನುವುದು ಅದಾದ ಮೇಲಿನ ಮಾತು.

ನಮಸ್ಕಾರ.